ವಿಲಾಯತಿ ಹತ್ತಿ ಮತ್ತು ಸಮಾನತೆಯ ಲೆಕ್ಕ

ಕಲ್ಯಾಣ್‌ನ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸಂವಿಧಾನದ ಪ್ರಸ್ತಾವನೆಯ ಪಾಠ ಮಾಡ್ತಾ ಇದ್ದೆ. ಸ್ವಾತಂತ್ರ್ಯ, ಸಮಾನತೆ ಎಂಬ ಮಾತುಗಳನ್ನು ನಮಗಿಂತ ಮುಂಚೆ ಯಾರು ಯಾರು ಹೇಳಿದ್ದರು ಎಂದು ವಿವರಿಸುತ್ತಾ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಬಂದೆ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು ಎಂದು ಅದರಲ್ಲಿದೆ ಅಂದೆ. ಅದರ ಕರಡು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ ಅಂತಲೂ ಅಂದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸರ್, ಯೇ ತೋ ದೋಗ್ಲಾಪನ್ ಹುವಾ" ಅಂದ. ಇಬ್ಬಗೆತನ ಅಂತ ಅರ್ಥ. ಇನ್ನೊಬ್ಬನ ಅಣ್ಣ ಐರೋಲಿಯ ಒಂದು ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡ್ತಾನೆ. ಅವನು ಬಿಡಲಿಲ್ಲ. "ಏನೇ ಅನ್ನಿ ಸರ್, ಹೋಗೋಕೆ ಸಿಕ್ಕರೆ ಎಲ್ಲರೂ ಅಲ್ಲಿಗೇ ಹೋಗ್ತಾರೆ" ಅಂದ. ಮೂರನೆಯವನು ಪಕ್ಕದವನ ಜೀನ್ಸ್ ತೋರಿಸಿ, "ಇವನ ಪ್ಯಾಂಟು ಆಗಲೇ ಅಮೆರಿಕದಿಂದ ಬಂದಿದೆ ಸರ್" ಅಂದಾಗ ಇಡೀ ತರಗತಿ ನಕ್ಕಿತು. ಈ ಕಡೆಯವರಲ್ಲದ ಓದುಗರಿಗೆ ಈ ನಗು ಅರ್ಥವಾಗಲಿಕ್ಕಿಲ್ಲ. ನಮ್ಮ ಪಕ್ಕದ ಉಲ್ಲಾಸನಗರ ಜೀನ್ಸ್ ಹೊಲಿಯುವುದಕ್ಕೆ ಹೆಸರುವಾಸಿ. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಕ್ಯಾಂಪಿನಲ್ಲಿ, ದೇಶ ವಿಭಜನೆಯ ನಂತರ ಸಿಂಧಿನಿಂದ ಬಂದ ನಿರಾಶ್ರಿತರು ಕಟ್ಟಿದ ಊರು ಅದು. ಅಲ್ಲಿನ ಮಾಲಿನ ಮೇಲೆ 'ಮೇಡ್ ಇನ್ ಯು.ಎಸ್.ಎ.' ಅಂತ ಇದ್ದರೆ ಅದು ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಅಂತ ಹಳೇ ತಮಾಷೆ.

ಗಂಟೆ ಹೊಡೀತು, ಮಕ್ಕಳು ಹೋದರು. ಆದರೆ ಆ ಪ್ರಶ್ನೆ ನನ್ನ ಜೊತೆ ಲೋಕಲ್ ಹತ್ತಿ ಮನೆಗೂ ಬಂತು. ಅಮೆರಿಕದ ಮಾತು ದೊಡ್ಡದು, ನಡತೆ ಬೇರೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಇಬ್ಬಗೆತನದ ಒಂದು ಎಳೆ ನಮ್ಮ ಧಾರವಾಡದ ಹೊಲದ ಮೂಲಕ, ಈ ಮುಂಬಯಿ ಪೇಟೆಯ ಮೂಲಕವೇ ಹಾದುಹೋಗಿದೆ. ಆ ಎಳೆ ಹತ್ತಿಯದು.

ಮೊದಲು ಜೆಫರ್ಸನ್ ಮಾತನ್ನೇ ಮುಗಿಸೋಣ. ಆತನ ಬಳಿ ಒಂದು ಕುರ್‌ಆನ್ ಇತ್ತು. 1765ರಲ್ಲಿ ಕಾನೂನು ಓದುತ್ತಿದ್ದಾಗ ಕೊಂಡ ಇಂಗ್ಲಿಷ್ ಅನುವಾದ. 2007ರ ಜನವರಿಯಲ್ಲಿ, ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಮ್ ಕೀತ್ ಎಲಿಸನ್ ಪ್ರಮಾಣ ಸ್ವೀಕರಿಸುವಾಗ ಕೈಯಿಟ್ಟದ್ದು ಅದೇ ಪ್ರತಿಯ ಮೇಲೆ. ತನ್ನ ರಾಜ್ಯ ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಕ್ರೈಸ್ತರಿಗೆ ಮಾತ್ರವಲ್ಲ, ಯಹೂದಿ, ಮುಸ್ಲಿಮ್, ಹಿಂದೂ ಎಲ್ಲರಿಗೂ ಅನ್ವಯಿಸುತ್ತದೆ ಎಂದು ಜೆಫರ್ಸನ್ ಬರೆದಿಟ್ಟಿದ್ದಾನೆ. ಇದನ್ನು ನಾವು ಹೆಮ್ಮೆಯಿಂದ ಹೇಳ್ತೇವೆ, ವಾಟ್ಸಪ್ಪಿನಲ್ಲಿ ಕಳಿಸ್ತೇವೆ.

ಆದರೆ ಆ ಕಾಲದ ಅಮೆರಿಕದಲ್ಲಿ ಕುರ್‌ಆನ್ ಇನ್ನೊಂದು ಕಡೆಯೂ ಇತ್ತು, ಗುಲಾಮರ ನೆನಪಿನಲ್ಲಿ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಅನೇಕರು ಮುಸ್ಲಿಮರಾಗಿದ್ದರು. ಈಗಿನ ಸೆನೆಗಲ್ ಪ್ರದೇಶದ ಉಮರ್ ಇಬ್ನ್ ಸಈದ್ ಅಂಥವರಲ್ಲೊಬ್ಬರು. ವರ್ಷಗಟ್ಟಲೆ ದೀನೀ ವಿದ್ಯೆ ಕಲಿತಿದ್ದ ಆಲಿಮ್. 1807ರಲ್ಲಿ ಅವರನ್ನು ಹಡಗಿನಲ್ಲಿ ತಂದು ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಿದರು. ಕ್ರೂರ ಒಡೆಯನಿಂದ ಓಡಿಹೋಗಿ ಸಿಕ್ಕಿಬಿದ್ದು, ಜೈಲಿನ ಗೋಡೆಯ ಮೇಲೆ ಅರಬಿಯಲ್ಲಿ ಬರೆದರು. 1831ರಲ್ಲಿ ಅರಬಿಯಲ್ಲೇ ತಮ್ಮ ಆತ್ಮಕಥೆಯನ್ನೂ ಬರೆದರು. ಅದಕ್ಕೂ ಮೊದಲೇ ಅವರಿಗೆ ಕ್ರೈಸ್ತ ದೀಕ್ಷೆ ಆಗಿತ್ತು. ಆದರೂ ಆ ಬರಹ ಶುರುವಾಗುವುದು ಸೂರಾ ಮುಲ್ಕ್‌ನಿಂದ. ಒಡೆತನವೆಲ್ಲ ಅಲ್ಲಾಹನದು ಎಂದು ಆರಂಭವಾಗುವ ಸೂರಾ ಅದು. ಇನ್ನೊಬ್ಬ ಮನುಷ್ಯನ ಒಡೆತನದಲ್ಲಿದ್ದವರು ಅದನ್ನೇ ಆರಿಸಿಕೊಂಡದ್ದು ಸುಮ್ಮನೆ ಇರಲಾರದು. ಗುಲಾಮಗಿರಿ ಕಾನೂನಿನಿಂದ ರದ್ದಾಗುವ ಮೊದಲೇ ಅವರು ತೀರಿಕೊಂಡರು. ಜೆಫರ್ಸನ್‌ನ ಕುರ್‌ಆನ್ ನೆನೆಯುವ ನಾವು ಈ ಉಮರ್ ಹೆಸರನ್ನು ಮಕ್ಕಳಿಗೆ ಹೇಳುವುದು ಕಡಿಮೆ.

ಈಗ ಹತ್ತಿ. 1793ರಲ್ಲಿ ಬೀಜದಿಂದ ಅರಳೆ ಬೇರ್ಪಡಿಸುವ ಯಂತ್ರ ಬಂದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಬಿಟ್ಟರೆ ಬೇರೆ ಮಾತಿಲ್ಲ ಎನ್ನುವಂತಾಯಿತು. ಯಂತ್ರ ಬಂದರೆ ಆಳಿನ ಕಷ್ಟ ಕಡಿಮೆಯಾಗಬೇಕಲ್ಲ? ಹಾಗಾಗಲಿಲ್ಲ. ಬಿಡಿಸುವ ಕೆಲಸ ಬೇಗ ಆದದ್ದರಿಂದ ಬೆಳೆಯುವ ಆಸೆ ಹೆಚ್ಚಿತು, ಹೊಲ ಹೆಚ್ಚಿತು, ಗುಲಾಮರೂ ಹೆಚ್ಚಿದರು. 1860ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 40 ಲಕ್ಷ. ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಇವರು ಬೆಳೆದದ್ದೇ.

ಒಂದೇ ದೇಶವನ್ನು ನಂಬಿ ಕೂತರೆ ಕಷ್ಟ ಎಂದು ಬ್ರಿಟಿಷರಿಗೆ ಗೊತ್ತಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಬಹಳ ಕಡೆ ಅವರ ಪ್ರಯೋಗ ಸೋತಿತು. ಬೇರು ಹಿಡಿದದ್ದು ನಮ್ಮ ಧಾರವಾಡದ ಕಡೆ. ಊರ ಹತ್ತಿಗೆ ಜನ ಜವಾರಿ ಹತ್ತಿ ಅಂದರು, ಹೊಸದಕ್ಕೆ ವಿಲಾಯತಿ ಹತ್ತಿ ಅಂದರು. ಪೇಟೆಯಲ್ಲಿ ಅದರ ಹೆಸರು ಧಾರವಾಡ-ಅಮೆರಿಕನ್. ಅದರ ಎಳೆ ಬೀಜಕ್ಕೆ ಗಟ್ಟಿಯಾಗಿ ಅಂಟಿರುತ್ತಿತ್ತು. ಊರಿನ ಸಾಧನಕ್ಕೆ ಅದು ಬಗ್ಗುತ್ತಿರಲಿಲ್ಲ, ಗರಗಸದ ಹಲ್ಲಿನ ಜಿನ್ನೇ ಬೇಕಿತ್ತು. ಆ ಯಂತ್ರಗಳನ್ನು ಮಾಡುವುದಕ್ಕೆ, ರಿಪೇರಿಗೆ ಸರ್ಕಾರವೇ ಧಾರವಾಡದಲ್ಲಿ ಕಾರ್ಖಾನೆ ಇಟ್ಟಿತ್ತು. ಹತ್ತಿ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಜವಾರಿ ಹತ್ತಿಗಂತೂ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು.

ಈ ಘಟ್ಟದ ದಾರಿಯ ಬಗ್ಗೆ ಒಂದು ಮಾತು. ಹಳಿಯಾಳ, ಯಲ್ಲಾಪುರ, ಅಂಕೋಲಾ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರೂ ಆಫ್ರಿಕಾದವರೇ. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರು, ಅರಬ್ ವ್ಯಾಪಾರಿಗಳು ಈ ತೀರದಲ್ಲಿ ಮಾರಿದವರು, ತಪ್ಪಿಸಿಕೊಂಡು ಕಾಡು ಸೇರಿದವರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಅಂದರೆ ಗುಲಾಮರ ವ್ಯಾಪಾರ ಅಮೆರಿಕದ ಪಾಪ ಮಾತ್ರವಾಗಿರಲಿಲ್ಲ. ಹಜ್ರತ್ ಬಿಲಾಲ್ ಅವರ ಅಜಾನ್ ನೆನೆದು ಕಣ್ಣೀರು ಹಾಕುವ ಸಮುದಾಯದ ವ್ಯಾಪಾರಿಗಳೇ ಬಿಲಾಲರ ನಾಡಿನ ಜನರನ್ನು ಮಾರಿದ್ದಾರೆ. ಅಮೆರಿಕದ ಬಗ್ಗೆ ಮಾತಾಡುವಾಗ ನಮ್ಮ ದನಿ ಸ್ವಲ್ಪ ತಗ್ಗಬೇಕಾದ್ದು ಇದಕ್ಕೇ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು, ಹತ್ತಿ ನಿಂತಿತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು, ದರ ಮೂರು-ನಾಲ್ಕು ಪಟ್ಟು ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದ ಬಂದರು ಮತ್ತು ಹತ್ತಿಯ ಸಾಗಾಟ ಅದರ ಹಿಂದಿನ ಮುಖ್ಯ ಕಾರಣ. ಇತ್ತ ನಮ್ಮ ಕಲ್ಯಾಣ್ ನೋಡಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು ಮರುವರ್ಷ ಕಲ್ಯಾಣ್ ಮುಟ್ಟಿತ್ತು. ಇಲ್ಲಿಂದ ಒಂದು ದಾರಿ ಭೋರ್ ಘಾಟ್ ಹತ್ತಿ ಪುಣೆಗೆ, ಇನ್ನೊಂದು ಥಲ್ ಘಾಟ್ ಹತ್ತಿ ಖಾನ್‌ದೇಶದ ಕಡೆಗೆ. ಭೋರ್ ಘಾಟ್ ತೆರೆದದ್ದು 1863ರಲ್ಲಿ, ಥಲ್ ಘಾಟ್ 1865ರಲ್ಲಿ. ಆ ಘಟ್ಟ ಕೊರೆಯುವಾಗ ಕಾಲರಾ, ಜ್ವರಕ್ಕೆ ಸಿಕ್ಕಿ ಸಾವಿರಾರು ಕೂಲಿಗಳು ಸತ್ತರು. ದಿನಾ ನಾವು ಇಳಿದು ಹತ್ತುವ ಕಲ್ಯಾಣ್ ಜಂಕ್ಷನ್ ದಖ್ಖನ್ನಿನ ಹತ್ತಿ ಕೆಳಗಿಳಿಯುವ ಬಾಗಿಲಾಯಿತು.

ಮುಂಬಯಿಯಲ್ಲಿ ದುಡ್ಡಿನ ಮಳೆ. ಬ್ಯಾಂಕುಗಳು, ಹಣಕಾಸಿನ ಕಂಪನಿಗಳು ಅಣಬೆಗಳ ಹಾಗೆ ಎದ್ದವು. ಸಮುದ್ರ ತುಂಬಿಸಿ ಜಾಗ ಮಾಡುವ ಬ್ಯಾಕ್ ಬೇ ಕಂಪನಿಯಲ್ಲಿ 5,000 ರೂಪಾಯಿ ಕಟ್ಟಿದ ಶೇರು 50,000ದ ಆಸುಪಾಸಿಗೆ ಹೋಯಿತು. ವರ್ತಕರು, ಸಾಹೇಬರು, ಗುಮಾಸ್ತರು ಎಲ್ಲರೂ ಶೇರಿನ ಹುಚ್ಚಿಗೆ ಬಿದ್ದರು. ಹತ್ತಿಯಲ್ಲಿ ಕಲಬೆರಕೆಯೂ ಬೆಳೆಯಿತು. ಒಳ್ಳೆ ಹತ್ತಿಗೆ ಕಳಪೆ ಹತ್ತಿ ಬೆರೆಸುವುದು, ತೂಕಕ್ಕೆ ನೀರು ಚಿಮುಕಿಸುವುದು. ಇದನ್ನು ತಡೆಯಲಿಕ್ಕೆಂದೇ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯ್ದೆ ತಂದಿತು. ದಖ್ಖನ್ನಿನಲ್ಲಿ ರೈತರು ಗಾಡಿಯ ಚಕ್ರಕ್ಕೆ ಬೆಳ್ಳಿ ಪಟ್ಟಿ ಹೊಡೆಸಿದರು ಅಂತ ಕಥೆಗಳಿವೆ. ಕಥೆ ಹೇಗೇ ಇರಲಿ, ಸಾಲ ಕೊಡುವವರು ಬಾಗಿಲಿಗೆ ಬಂದು ಕೊಟ್ಟದ್ದು ನಿಜ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏನಾಯಿತು ನೋಡಿ. ಗಿರಣಿ ನಿಂತು ಕೂಲಿ ಇಲ್ಲದೆ ಉಪವಾಸ ಬಿದ್ದಿದ್ದ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿದರು. ದಿಗ್ಬಂಧನ ತೆಗೆಸಿ, ನಮಗೆ ಹತ್ತಿ ಕೊಡಿಸಿ ಅಂತ ಕೇಳಬಹುದಿತ್ತು. ಹಾಗೆ ಕೇಳಿದವರೂ ಆ ಸೀಮೆಯಲ್ಲಿದ್ದರು. ಆದರೆ ಈ ಸಭೆ ಗುಲಾಮಗಿರಿ ಕೊನೆಗಾಣಿಸಿ ಎಂದು ಲಿಂಕನ್‌ಗೆ ಪತ್ರ ಬರೆಯಿತು. ಮರುದಿನವೇ, ಅಂದರೆ 1863ರ ಜನವರಿ 1ರಂದು, ಬಂಡೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಎಂಬ ಘೋಷಣೆ ಜಾರಿಗೆ ಬಂತು. ಅದೇ ತಿಂಗಳ 19ರಂದು ಲಿಂಕನ್ ಆ ಕಾರ್ಮಿಕರಿಗೆ ಕೃತಜ್ಞತೆಯ ಉತ್ತರ ಬರೆದರು. ತಾವೆಂದೂ ಕಾಣದ ಮನುಷ್ಯರ ಬಿಡುಗಡೆಗಾಗಿ ತಮ್ಮ ಹೊಟ್ಟೆ ಕಟ್ಟಿದವರು ಅವರು. ಇತಿಹಾಸ ಪಾಠದಲ್ಲಿ ರಾಜರ, ಅಧ್ಯಕ್ಷರ ಹೆಸರು ಕೇಳಿ ಬೇಸರಗೊಂಡ ಮಕ್ಕಳಿಗೆ ನಾನು ಈ ಹೆಸರಿಲ್ಲದವರ ಕಥೆ ಹೇಳ್ತೇನೆ.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನೆ ಶರಣಾಯಿತು. 40 ಲಕ್ಷ ಜನರ ಕೊರಳಿನ ಸಂಕೋಲೆ ಕಳಚಿದ ಸುದ್ದಿ ಮುಂಬಯಿಗೆ ಬಂದಾಗ ಪೇಟೆಯಲ್ಲಿ ಸಂತೋಷ ಆಗಲಿಲ್ಲ, ದಿಗಿಲಾಯಿತು. ಅಮೆರಿಕದ ಹತ್ತಿ ಮತ್ತೆ ಬರುತ್ತದೆ, ದರ ಬೀಳುತ್ತದೆ ಅಂತ. ಹಾಗೇ ಆಯಿತು. ಜುಲೈ 1, ವಾಯಿದೆ ವ್ಯಾಪಾರದ ಲೆಕ್ಕ ಚುಕ್ತಾ ಮಾಡುವ ದಿನ, ಕೊಡಲು ಯಾರ ಬಳಿಯೂ ದುಡ್ಡಿರಲಿಲ್ಲ. ಕಂಪನಿಗಳು ಮುಳುಗಿದವು, ಹಳೆಯ ಬ್ಯಾಂಕ್ ಆಫ್ ಬಾಂಬೆಯೂ ಕೊನೆಗೆ ಮುಚ್ಚಿತು. ಆ ಶೇರು ಪೇಟೆಯ ದೊರೆ ಎನಿಸಿದ್ದ ಪ್ರೇಮಚಂದ್ ರಾಯಚಂದ್ ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ಎದ್ದ ರಾಜಾಬಾಯಿ ಗೋಪುರ ಇಂದಿಗೂ ಇದೆ. ರೈತರಿಗೆ ಉಳಿದದ್ದು ಸಾಲದ ಪತ್ರ. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟ ದಖ್ಖನ್ ದಂಗೆಯ ಬೇರು ಈ ಹತ್ತಿಯ ಏರಿಳಿತದಲ್ಲೂ ಇದೆ. ಮರುವರ್ಷವೇ ಬಂದ 1876-78ರ ಬರ ಧಾರವಾಡ, ಕಲಾದಗಿ ಸೀಮೆಯನ್ನು ತಿಂದುಹಾಕಿತು.

ಇಲ್ಲಿಗೆ ನಿಲ್ಲಿಸಿದರೆ ಹಿಂದಿನ ಬೆಂಚಿನ ಹುಡುಗನ ಮಾತೇ ಸರಿ, ಎಲ್ಲ ದೋಗ್ಲಾಪನ್. ಆದರೆ ಕಥೆ ಮುಂದಿದೆ.

ಮುಂಬಯಿ ಮುಳುಗಿದ ಎಂಟು ವರ್ಷಕ್ಕೆ, 1873ರಲ್ಲಿ, ಪುಣೆಯ ಜ್ಯೋತಿಬಾ ಫುಲೆ 'ಗುಲಾಮಗಿರಿ' ಎಂಬ ಪುಸ್ತಕ ಬರೆದರು. ಅದನ್ನು ಅವರು ಅರ್ಪಿಸಿದ್ದು ನೀಗ್ರೋ ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಸಜ್ಜನರಿಗೆ. ಅವರ ಮಾದರಿ ನೋಡಿ ನಮ್ಮ ದೇಶದವರೂ ಶೂದ್ರರನ್ನು ಬಿಡಿಸಲಿ ಎಂಬುದು ಅವರ ಆಸೆ. ಅಮೆರಿಕದಿಂದ ಮುಂಬಯಿಯ ದೊಡ್ಡವರು ಹತ್ತಿಯ ದರ ತೆಗೆದುಕೊಂಡರು, ಫುಲೆ ಒಂದು ಪ್ರಶ್ನೆ ತೆಗೆದುಕೊಂಡರು. ಆ ಪ್ರಶ್ನೆಯನ್ನು ಅಮೆರಿಕದ ಮೇಲೆ ಎಸೆಯಲಿಲ್ಲ, ತಮ್ಮ ಮನೆಯಂಗಳಕ್ಕೆ ತಂದಿಟ್ಟರು.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಭೀಮರಾವ್ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಜಾನ್ ಡ್ಯೂಯಿ ಅವರಂಥ ಗುರುಗಳಿಂದ ಪ್ರಜಾಪ್ರಭುತ್ವದ ಪಾಠ ಕಲಿತರು. ಆದರೆ ಅದೇ ಅಮೆರಿಕದಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿ. ಬೇರೆ ಕೂರಿಸಿದರೂ ಸಮಾನತೆಗೆ ಭಂಗವಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟೇ 1896ರಲ್ಲಿ ಹೇಳಿತ್ತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಲ್ಲಿನ ಲೂಸಿಯಾನಾ ರಾಜ್ಯದ ರೈಲಿನಲ್ಲಿ ಹೋಗುತ್ತಿದ್ದಾಗ ಬಿಳಿಯರ ಡಬ್ಬಿಯಿಂದ ಏಳಿ ಅಂದರು. ಹೊರದೇಶದವಳು ಎಂದು ಹೇಳಿಕೊಂಡು ಪಾರಾಗಬಹುದಿತ್ತು. ಅವರು ನಾನೂ ಬಣ್ಣದವಳೇ, ಏಳೋದಿಲ್ಲ ಎಂದು ಕೂತೇ ಇದ್ದರು. 1946ರಲ್ಲಿ ಅಂಬೇಡ್ಕರ್ ಅಲ್ಲಿನ ಕರಿಯರ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸುವ ಮನವಿಯ ಪ್ರತಿ ಕೇಳಿದರು. ನಾಲ್ಕು ವರ್ಷಕ್ಕೆ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಇರುವ ನಮ್ಮ ಸಂವಿಧಾನ ಜಾರಿಗೆ ಬಂತು. ಅಮೆರಿಕದಲ್ಲಿ ಬೇರೆ ಬೇರೆ ಕೂರಿಸುವುದನ್ನು ನಿಷೇಧಿಸುವ ನಾಗರಿಕ ಹಕ್ಕು ಕಾಯ್ದೆ ಬರಲು 1964 ಆಗಬೇಕಾಯಿತು.

ಇವರೆಲ್ಲ ಮಾಡಿದ್ದು ಒಂದೇ ಕೆಲಸ ಅಂತ ನನಗೆ ಅನ್ನಿಸ್ತದೆ. ಬರೆದವನು ಪಾಲಿಸಲಿಲ್ಲ ಅಂತ ಮಾತನ್ನೇ ಎಸೆಯಲಿಲ್ಲ. ಯಾರನ್ನು ಹೊರಗಿಟ್ಟು ಆ ಮಾತು ಬರೆದಿದ್ದರೋ ಅವರೇ ಅದನ್ನು ಎತ್ತಿಕೊಂಡು, ಇದು ನಮಗೂ ಸೇರಿದ್ದು ಅಂದರು. ಮಾತು ಬದುಕಿ ಉಳಿದದ್ದು ಜೆಫರ್ಸನ್‌ನಿಂದಲ್ಲ, ಇವರಿಂದ.

ಇನ್ನು ನನ್ನ ಮನೆಯ ಲೆಕ್ಕ ಹೇಳದಿದ್ದರೆ ಈ ಲೇಖನವೂ ದೋಗ್ಲಾಪನ್ ಆಗ್ತದೆ. ನಮ್ಮದು ನವಲಗುಂದ ತಾಲೂಕಿನ ಕಡೆ ಸ್ವಲ್ಪ ಎರೆ ಹೊಲ, ಹತ್ತಿ ಬೆಳೀತೇವೆ. ದಾದಾ ತೀರಿಕೊಂಡಾಗ ಹೊಲ ನಮ್ಮ ಅಬ್ಬಾ ಮತ್ತು ಚಾಚಾ ಹೆಸರಿಗೆ ಆಯಿತು. ಫುಪ್ಪು, ಅಂದರೆ ಅಬ್ಬಾನ ತಂಗಿ, ನನಗೇನೂ ಬೇಡ ಅಂತ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಹೆಣ್ಣುಮಕ್ಕಳ ಪಾಲು ಕುರ್‌ಆನ್‌ನಲ್ಲೇ ನಿಗದಿಯಾಗಿದೆ. ಅದು ಅಣ್ಣಂದಿರು ಕೊಡುವ ಭಿಕ್ಷೆಯಲ್ಲ. ಫುಪ್ಪು ಬೇಡ ಅಂದದ್ದು ಸಂತೋಷದಿಂದಲೋ, ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆಯಿಂದಲೋ ಯಾರೂ ಕೇಳಲಿಲ್ಲ. ಗಂಡ ತೀರಿದ ಮೇಲೆ ಅವರು ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಲಿಕ್ಕೆ ಹೋದರು. ನಮ್ಮ ಹೊಲದ ಹತ್ತಿ ಮಾರಿ ಬಂದ ದುಡ್ಡಿನಲ್ಲಿ ನನ್ನ ಬಿ.ಎಡ್. ಫೀಸು ಕಟ್ಟಿದರು. ಇಂದು ನಾನು ಸಮಾನತೆಯ ಪಾಠ ಮಾಡುವುದು ಆ ಬಿ.ಎಡ್. ಇರುವುದರಿಂದ. ಇದು ಜೆಫರ್ಸನ್ ಪಾಪದಷ್ಟು ದೊಡ್ಡದಲ್ಲ, ನಿಜ. ಆದರೆ ಜಾತಿ ಒಂದೇ.

ಮರುದಿನ ತರಗತಿಗೆ ಹೋಗಿ ಹತ್ತಿಯ ಕಥೆಯೆಲ್ಲ ಹೇಳಿದೆ. ಐರೋಲಿಯ ಅಣ್ಣನಿರುವ ಹುಡುಗ, "ಹಾಗಾದರೆ ಅಮೆರಿಕಕ್ಕೆ ಹೋಗಬಾರದಾ ಸರ್?" ಅಂದ. ಅವನ ಅಣ್ಣ ರಾತ್ರಿ ಫೋನಿನಲ್ಲಿ ಅಮೆರಿಕನ್ ಹೆಸರು ಹೇಳಿಕೊಳ್ತಾನೆ, ಬೆಳಿಗ್ಗೆ ಫಜ್ರ್ ಹೊತ್ತಿಗೆ ತನ್ನ ಹೆಸರಿಗೆ ವಾಪಸ್ ಬರ್ತಾನೆ. ಆ ಸಂಬಳದಲ್ಲೇ ತಮ್ಮನ ಓದು ನಡೀತಿದೆ. ಅದನ್ನು ಹಗುರಾಗಿ ಮಾತಾಡಲು ನಾನ್ಯಾರು? "ಹೋಗು, ಚೆನ್ನಾಗಿ ಓದಿ ಹೋಗು. ಎಲ್ಲಿ ದುಡ್ಡು ಮಾಡಿದರೂ ಆ ದುಡ್ಡಿನ ಹಿಂದೆ ಯಾರ ಬೆವರಿದೆ, ಅವರ ಪಾಲು ಅವರಿಗೆ ಮುಟ್ಟಿತಾ ಅಂತ ಕೇಳ್ಕೋ" ಅಂದೆ. ಹಿಂದಿನ ಬೆಂಚಿನವನು ಎದ್ದು, "ಭಿವಂಡಿಯಲ್ಲಿ ನಮ್ಮ ಅಬ್ಬಾ ಹನ್ನೆರಡು ತಾಸು ಲೂಮ್ ಮೇಲೆ ನಿಲ್ತಾರೆ ಸರ್. ಅವರ ಪಾಲು?" ಅಂದ. ಆ ಮಗ್ಗದ ಮಾಲೀಕರೂ ನಮ್ಮವರೇ, ಜುಮಾ ನಮಾಜಿನಲ್ಲಿ ಅವನ ಅಬ್ಬಾನ ಪಕ್ಕ ನಿಲ್ಲುವವರು. ನನ್ನ ಬಳಿ ಉತ್ತರ ಇರಲಿಲ್ಲ. ಇದೇ ಸರಿಯಾದ ಪ್ರಶ್ನೆ ಅಂತ ಮಾತ್ರ ಹೇಳಿದೆ.

ಫುಪ್ಪು ಈಗಲೂ ಇದ್ದಾರೆ. ಮುಂದಿನ ಈದ್‌ಗೆ ಊರಿಗೆ ಹೋದಾಗ ಹೊಲದ ಕಾಗದ ತೆಗೆದು ಕೂರೋಣ ಅಂತ ಅಬ್ಬಾಗೆ ಫೋನಿನಲ್ಲಿ ಹೇಳಿದ್ದೇನೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಬಾ, ನೋಡೋಣ" ಅಂದಿದ್ದಾರೆ. ಇನ್ನೂ ಆಗದ್ದನ್ನು ಆಗಿದೆ ಅಂತ ಬರೆಯಲಾರೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಗದ ಪೆಟ್ಟಿಗೆಯ ತಳದಲ್ಲಿದ್ದರೆ, ನೀವೂ ಒಮ್ಮೆ ತೆಗೆದು ನೋಡಿ.